ಒರೆಗಾನಿನ ಲಾಮಾ ಕೊಟ್ಟಿಗೆಯಲ್ಲಿ

೨೦೨೩ರ ಬೇಸಗೆಯಲ್ಲಿ ನಾವಿಬ್ಬರೂ ಪುಣೆಯಿಂದ ಹೊರಟು, ಅಮೆರಿಕದ ಒರೆಗಾನ್ ಸಂಸ್ಥಾನದಲ್ಲಿರುವ ಮಗಳ ಮನೆ ಸೇರಿದೆವು. ಬೆಂಡ್ ಎಂಬ ಆ ಊರು ಕ್ಯಾಸ್ಕೇಡ್ ಪರ್ವತಗಳ ಪೂರ್ವಕ್ಕಿದೆ. ಮೋಡಗಳು ಪರ್ವತದ ಆಚೆಗೇ ಬರಿದಾಗುವುದರಿಂದ ಈಚೆಗೆಲ್ಲ ಒಣನೆಲ. ಮಲೆನಾಡು ದಾಟಿ ಬಯಲುಸೀಮೆಗೆ ಇಳಿದು ಬಲ್ಲವರಿಗೆ ಇದು ಹೊಸತಲ್ಲ. ಜೂನಿಪರ್ ಮರಗಳಾಚೆ, ಹತ್ತು ಸಾವಿರ ಅಡಿ ಮೀರಿದ ‘ಮೂವರು ಸೋದರಿಯರು’ ಎಂಬ ಹಿಮಶಿಖರಗಳು ಕಾಣುತ್ತವೆ.

ಹೋದ ಉತ್ಸಾಹದಲ್ಲಿ ಒಂಬತ್ತು ವರ್ಷದ ಮೊಮ್ಮಗಳನ್ನು ಬಾಚಿ ಅಪ್ಪಿ, “ಬಾ ಪುಟ್ಟಾ, ಕನ್ನಡದಲ್ಲಿ ಮಾತಾಡು” ಎಂದು ಒತ್ತಾಯಿಸಿದೆವು. ಹುಡುಗಿ ಕೊಸರಿಕೊಂಡು ಕೋಣೆ ಸೇರಿದಳು. ಮೂರು ವಾರ ಕಳೆದರೂ ನಮ್ಮೆದುರು ಬಾಯಿ ತೆರೆಯಲಿಲ್ಲ. ಇಷ್ಟು ದೂರ ಬಂದುದು ಇದಕ್ಕಾಗಿಯೇ ಎಂದು ನಮಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಒಂದು ಶನಿವಾರ ಅವಳು ಹೋಗುತ್ತಿದ್ದ ಲಾಮಾ ಕೊಟ್ಟಿಗೆಗೆ ನಾವೂ ಹೋದೆವು. ಲಾಮಾ ಎಂದರೆ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ಹೊರೆ ಹೊರುವ ಪ್ರಾಣಿ. ಒಂಟೆಯ ಬಂಧು, ಆದರೆ ಡುಬ್ಬವಿಲ್ಲ. ಅಲ್ಲಿಯ ಜನ ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಪಳಗಿಸಿದರು. ಹೊರೆ ಹೆಚ್ಚಾದರೆ ನಡುದಾರಿಯಲ್ಲೇ ಕುಳಿತುಬಿಡುತ್ತದೆ. ಸಿಟ್ಟು ಬಂದರೆ ಉಗುಳುತ್ತದೆ! ನಮ್ಮ ಎತ್ತಿನಂತೆ ಇದಕ್ಕೆ ಮೂಗುದಾರವಿಲ್ಲ. ಮುಖಕ್ಕೆ ತೊಡಿಸುವ ಹಾಲ್ಟರ್ ಎಂಬ ಪಟ್ಟಿ.

ಅಂದಿನ ವಿದ್ಯಾರ್ಥಿ ಒಂದು ಅಂಜುಬುರುಕ ಕಂದು ಲಾಮಾ. ಹಿಂದಿನ ಒಡೆಯ ಬಲವಂತದಿಂದ ಪಟ್ಟಿ ಬಿಗಿದಿದ್ದನಂತೆ. ಕೊಟ್ಟಿಗೆಯ ಒಡತಿ ನಮಗೆ ವಿವರಿಸಿದಳು: ಲಾಮಾದ ಮೂಗಿನೆಲುಬು ಬಲು ಗಿಡ್ಡ, ಅದರ ಮುಂದೆ ಇರುವುದು ಮೆತ್ತನೆಯ ಮೃದ್ವಸ್ಥಿ. ಪಟ್ಟಿ ಅಲ್ಲಿಗೆ ಜಾರಿದರೆ ಮೂಗಿನಿಂದ ಉಸಿರಾಡುವ ಈ ಪ್ರಾಣಿಗೆ ಉಸಿರು ಕಟ್ಟಿದಂತಾಗಿ ಜೀವಭಯ ಹುಟ್ಟುತ್ತದೆ. ಆದುದರಿಂದ ಪಟ್ಟಿ ಕಣ್ಣಿನ ಸಮೀಪಕ್ಕೆ ಎತ್ತರದಲ್ಲಿ ಕೂರಬೇಕು. ಕಿವಿಗಳ ಹಿಂದೆ ಬಿಗಿಯಾಗಿರಬೇಕು. ಮೇವು ಮೆಲ್ಲಲು ಮೂಗಿನ ಸುತ್ತ ಸಡಿಲವೂ ಇರಬೇಕು. ನಾವು ಮೊಂಡುತನವೆಂದುಕೊಂಡದ್ದು ಬರಿಯ ಭಯವಾಗಿತ್ತು!

ಹುಡುಗಿ ಹತ್ತಡಿ ಚೌಕದ ಅಂಕಣದೊಳಗೆ ಹೋದಳು. ಒಂಟಿಯಾದರೆ ಹೆದರಿಕೆ ಹೆಚ್ಚೆಂದು ಇನ್ನೊಂದು ಸಾಧು ಲಾಮಾವನ್ನೂ ಅಲ್ಲಿ ಬಿಟ್ಟಿದ್ದರು. ಎದುರಿನಿಂದ ನುಗ್ಗದೆ, ಭುಜದ ಪಕ್ಕದಲ್ಲಿ ನಿಂತು ಕೊರಳಿಗೆ ಹಗ್ಗವನ್ನು ಸಡಿಲವಾಗಿ ಹಾಕಿದಳು. ಪಟ್ಟಿಯನ್ನು ಅಗಲವಾಗಿ ತೆರೆದು ಹಿಡಿದು ಕಾದಳು. ಲಾಮಾ ತಲೆ ಎತ್ತಿತು, ಕಿವಿಗಳನ್ನು ಹಿಂದಕ್ಕೆ ಮಡಿಸಿತು. ಅವಳು ಬೆನ್ನಟ್ಟಲಿಲ್ಲ; ಕೈ ಇಳಿಸಿ ನಿಂತಳು. ಅದು ಶಾಂತವಾದ ಮೇಲೆ ಮತ್ತೆ ಹಿಡಿದಳು. ಅಷ್ಟರಲ್ಲಿ ಅವಳ ಮೆಲುಮಾತು ನಮ್ಮ ಕಿವಿಗೆ ಬಿತ್ತು: “ಬಾ ಪುಟ್ಟಾ, ಬಾ.”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಐದಾರು ಸಲದ ಮೇಲೆ ಮೂಗು ತಾನಾಗಿಯೇ ಪಟ್ಟಿಯೊಳಗೆ ಬಂತು. ಕ್ಷಣಕಾಲ ಇಟ್ಟು, ಅವಳೇ ತೆಗೆದುಬಿಟ್ಟಳು. ಆ ದಿನದ ಪಾಠ ಅಷ್ಟೆ! ಬಕಲ್ ಹಾಕುವುದು ಮುಂದಿನ ವಾರವಂತೆ.

ಹಿಂದಿರುಗುವಾಗ ಅವಳ ಕನ್ನಡವನ್ನು ಹೊಗಳಲು ನಮಗೆ ನಾಲಗೆ ತುರಿಸಿತು, ಸುಮ್ಮನಾದೆವು. ಮನೆ ಸಮೀಪಿಸಿದಾಗ, ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ, ನಮ್ಮೂರ ಎತ್ತುಗಳಿಗೆ ಏನು ಹಾಕುತ್ತಾರೆಂದು ಅವಳೇ ಕೇಳಿದಳು. ಮೂಗು ಚುಚ್ಚಿ ದಾರ ಹಾಕುವುದನ್ನು ಹೇಳಿದೆವು.

“ನೋವಾಗಲ್ವಾ ಅಜ್ಜೀ?”

“ಆಗುತ್ತದೆ ಮಗು” ಎಂದೆವು.