ಹಿಂದ ಉಳದವ್ರನ್ನ ಕಾಯ್ತಾರೇನು?

ಹೋದ ವಾರ ಆಫೀಸಿನ ಕ್ಯಾಂಟೀನಿನಲ್ಲಿ ಗೆಳೆಯನೊಬ್ಬ ಲ್ಯಾಪ್‌ಟಾಪ್ ತೆರೆದುಕೊಂಡು ತಲೆ ಕೆರೆದುಕೊಳ್ಳುತ್ತಾ ಕೂತಿದ್ದ. ಅಪ್ಪ-ಅಮ್ಮನ್ನ ಮೊದಲ ಸಲ ಫಾರಿನ್‌ಗೆ ಕರಕೊಂಡು ಹೋಗಬೇಕಂತೆ. ಒಂದು ಟೂರಿನಲ್ಲಿ ನಲವತ್ತು ಜನ, ಇನ್ನೊಂದರಲ್ಲಿ ಹನ್ನೆರಡು. ಹೋಟೆಲ್ಲಿಗೆ ಎಷ್ಟು ಸ್ಟಾರು, ಎಷ್ಟು ಊರು, ಎಷ್ಟು ಊಟ, ತಲೆಗೆ ಎಷ್ಟು ದುಡ್ಡು ಅಂತ ಎಕ್ಸೆಲ್ ಶೀಟ್ ಮಾಡಿದ್ದ. (ನಾವು ಸಾಫ್ಟ್‌ವೇರಿನವರು ಮದುವೆ ಹೆಣ್ಣನ್ನೂ ಎಕ್ಸೆಲ್ಲಿನಲ್ಲಿ ನೋಡುವವರು, ಬಿಡಿ.) "ನೀನು ಎರಡೂ ಥರ ಹೋಗಿ ಬಂದಿದ್ದೀಯಲ್ಲ, ಯಾವುದು ಒಳ್ಳೇದು ಹೇಳು ಮಾರಾಯ" ಅಂದ.

ನಾನು ಶೀಟನ್ನೆಲ್ಲಾ ನೋಡಿದೆ. ನಮ್ಮಪ್ಪ ಕೇಳುವ ಪ್ರಶ್ನೆಗೆ ಅದರಲ್ಲಿ ಕಾಲಮ್ಮೇ ಇರಲಿಲ್ಲ.

ನಮ್ಮಪ್ಪ ಬನಹಟ್ಟಿಯ ನೇಕಾರ. ಹದಿನಾಲ್ಕನೇ ವಯಸ್ಸಿಗೆ ಕುಣಿಮಗ್ಗಕ್ಕೆ ಇಳಿದವನು, ಆಮೇಲೆ ಎರಡು ಪವರ್‌ಲೂಮ್ ಹಾಕಿದ. ರಬಕವಿ-ಬನಹಟ್ಟಿಯಲ್ಲಿ ಹುಟ್ಟಿದವರಿಗೆ ಆ ಖಟಾಖಟ್ ಸದ್ದು ನಿಂತರೇನೇ ನಿದ್ದೆ ಕೆಡುವುದು. 2020ರ ಲಾಕ್‌ಡೌನಿನಲ್ಲಿ ಅದು ನಿಂತಿತು. ನೇಯ್ದಿಟ್ಟ ಸೀರೆ ಮನೆಯಲ್ಲೇ ಉಳಿದವು, ನೂಲಿನ ಸಾಲ ಬೆಳೆಯಿತು. 2021ರಲ್ಲಿ ಅಪ್ಪ ಎರಡೂ ಲೂಮ್ ಮಾರಿದ. ಅವತ್ತಿನಿಂದ ಮನೆಯ ಮುಂದಿನ ಕಟ್ಟೆ ಮೇಲೆ ಸುಮ್ಮನೆ ಕೂರುವುದು ಕಲಿತ. ಮಾತು ಕಮ್ಮಿಯಾಯಿತು. ನನಗೆ ಬೆಂಗಳೂರಿನಲ್ಲಿ ಕೂತು ಏನು ಮಾಡಬೇಕೋ ತಿಳಿಯಲಿಲ್ಲ. ಸಂಬಳ ಬರುತ್ತಿತ್ತು, ಹೀಗಾಗಿ ದುಡ್ಡಿನಿಂದ ಮಾಡಬಹುದಾದ್ದನ್ನು ಮಾಡಿದೆ. ಹುಬ್ಬಳ್ಳಿಗೆ ಕರಕೊಂಡು ಹೋಗಿ ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸಿದೆ. ಜಮಖಂಡಿಯ ಒಬ್ಬ ಏಜೆಂಟರ ಹತ್ತಿರ ಸಿಂಗಪುರ-ಮಲೇಷಿಯಾ ಟೂರ್ ಬುಕ್ ಮಾಡಿದೆ. 2022ರ ಡಿಸೆಂಬರ್.

ಆ ಟೂರಿನಲ್ಲಿ ನಲವತ್ತೆರಡು ಜನ. ಮುಂದೆ ಒಬ್ಬ ಟೂರ್ ಮ್ಯಾನೇಜರ್, ಕೈಯಲ್ಲಿ ಬಾವುಟ. ಪಾಪ, ಕೆಟ್ಟವನಲ್ಲ, ನಲವತ್ತೆರಡು ತಲೆ ಎಣಿಸುವುದರಲ್ಲೇ ಅವನ ದಿನ ಮುಗಿಯುತ್ತಿತ್ತು. ಕ್ವಾಲಾಲಂಪುರದ ಹತ್ತಿರ ಬಾಟು ಗುಹೆ ಅಂತ ಇದೆ, ಮುರುಗನ ಗುಡಿ. 272 ಮೆಟ್ಟಿಲು. ನಮಗೆ ಕೊಟ್ಟಿದ್ದು ನಲವತ್ತು ನಿಮಿಷ. ವರ್ಷಗಟ್ಟಲೆ ಮಗ್ಗದ ಹಲಗೆ ತುಳಿದ ಮೊಣಕಾಲು ಅಪ್ಪನದು. ನೂರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನಿಂತ. ಅಷ್ಟೊತ್ತಿಗೆ ಕೆಳಗೆ ಬಾವುಟ ಆಡತೊಡಗಿತು. ಅಪ್ಪ ಒಮ್ಮೆ ಮೇಲೆ ನೋಡಿದ, ಒಮ್ಮೆ ಕೆಳಗೆ ನೋಡಿದ, ಅಲ್ಲಿಂದಲೇ ಕೈಮುಗಿದು ಇಳಿದ. ಮುಂದಿನ ಸ್ಟಾಪ್ ಚಾಕಲೇಟ್ ಅಂಗಡಿ. ಅಲ್ಲಿ ಒಂದೂವರೆ ಗಂಟೆ!

ಊರಿಗೆ ಬಂದ ಮೇಲೆ ಓಣಿಯವರು "ಫಾರಿನ್ ಹೆಂಗಿತ್ರಿ ಕಾಕಾ?" ಅಂತ ಕೇಳಿದರೆ "ಚಲೋ ಇತ್ತಪಾ, ರಸ್ತೆ ಭಾಳ ಸಾಪ್ ಅದಾವು" ಅಂತ ಅಷ್ಟೇ ಹೇಳುತ್ತಿದ್ದ. ನನ್ನ ಮುಂದೆ ಮಾತ್ರ ಒಂದು ದಿನ ಅಂದ: "ತಮ್ಮಾ, ಮತ್ತ ಎಲ್ಲಿಗರ ಕಳಸೋದಾದ್ರ ಮದಲ ಒಂದ ಮಾತ ಕೇಳು. ಹಿಂದ ಉಳದವ್ರನ್ನ ಕಾಯ್ತಾರೇನು?"

ಈ ಮಾತು ಅಪ್ಪನಿಗೆ ಬಂದದ್ದು ಶ್ರೀಶೈಲದ ದಾರಿಯಿಂದ. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಎಲ್ಲ ಕಡೆಯಿಂದ ಹೋಳಿ ಹುಣ್ಣಿಮೆ ಆಜುಬಾಜು ಮಲ್ಲಯ್ಯನ ಕಂಬಿ ಹೊತ್ತುಕೊಂಡು ಜನ ನಡೆಯುತ್ತಾ ಹೊರಡುತ್ತಾರೆ, ಯುಗಾದಿಗೆ ಮುಟ್ಟುತ್ತಾರೆ. ಅಪ್ಪ ಮೂರು ಸಲ ನಡೆದಿದ್ದಾನೆ. ಆತ್ಮಕೂರು ದಾಟಿ ವೆಂಕಟಾಪುರದಿಂದ ನಲ್ಲಮಲದ ಕಾಡು ಶುರು. ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ್ಳ, ಕೈಲಾಸದ್ವಾರ. ಅವನ ತಂಡದಲ್ಲಿ ಹದಿಮೂರು ಜನ. ಮುಂದಾಳು ಇಪ್ಪತ್ತು ಸಲ ಹೋಗಿ ಬಂದ ಒಬ್ಬ ಮುದುಕ. ಯಾವ ಹಳ್ಳಿಯಲ್ಲಿ ದಾಸೋಹ, ಎಲ್ಲಿ ನೀರು, ಎಲ್ಲಿ ಬಿಸಿಲಿಗೆ ಮುಂಚೆ ದಾಟಬೇಕು ಎಲ್ಲ ಅವನ ತಲೆಯಲ್ಲಿ. ಅವನ ಪದ್ಧತಿ ಏನೆಂದರೆ ಕಾಲು ನೋಯುವವರು ಮುಂದೆ, ಗಟ್ಟಿ ಹುಡುಗರು ಹಿಂದೆ. ಕಾಲಿಗೆ ಬೊಬ್ಬೆ ಎದ್ದವನ ನಡಿಗೆಯೇ ಇಡೀ ತಂಡದ ನಡಿಗೆ. "ಯಾರೂ ಗಡಿಯಾರ ನೋಡ್ತಿರಲಿಲ್ಲ. ಆದ್ರೂ ಯುಗಾದಿಗೆ ಬರೋಬ್ಬರಿ ಮುಟ್ಟತಿದ್ವಿ" ಅಂತಾನೆ.

ಎರಡನೇ ಸಲ ನಾನು ಈ ಪ್ರಶ್ನೆ ಇಟ್ಟುಕೊಂಡೇ ಹುಡುಕಿದೆ. ಫೋನು ಮಾಡಿ ಕೇಳಿದರೆ ಹೆಚ್ಚಿನವರು ಹೋಟೆಲ್ಲಿನ ಫೋಟೋ ಕಳಿಸಿದರು. ಬೆಂಗಳೂರಿನ ಒಬ್ಬ ಮೇಡಂ ಮಾತ್ರ ತಿರುಗಿ ನನ್ನನ್ನೇ ಪ್ರಶ್ನೆ ಕೇಳಿದರು. ಅಪ್ಪನಿಗೆ ಒಂದೇ ದಮ್ಮಿಗೆ ಎಷ್ಟು ಮೆಟ್ಟಿಲು ಆಗುತ್ತೆ? ಅಮ್ಮನಿಗೆ ಎಷ್ಟು ಹೊತ್ತಿಗೊಮ್ಮೆ ಬಾತ್‌ರೂಮ್ ಬೇಕು? ಅಪ್ಪ ಏನು ಕೆಲಸ ಮಾಡ್ತಿದ್ರು? ಈ ಕೊನೆಯ ಪ್ರಶ್ನೆ ಕೇಳಿದ್ದಕ್ಕೇ ನಾನು ದುಡ್ಡು ಕಟ್ಟಿದೆ ಅಂದರೂ ನಡೆದೀತು. ಅವರು ವರ್ಷಕ್ಕೆ ನಾಲ್ಕೈದು ಸಣ್ಣ ತಂಡ ಕರೆದೊಯ್ಯುತ್ತಾರೆ, ತಾವೂ ಜೊತೆಗೆ ಬರುತ್ತಾರೆ. ಕಾಂಬೋಡಿಯಾ, ಎಂಟು ದಿನ, ಹನ್ನೊಂದು ಜನ. ಮೊದಲ ಟೂರಿಗಿಂತ ಹತ್ತಿರ ಒಂದೂವರೆ ಪಟ್ಟು ದುಡ್ಡಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅಂಗ್ಕೋರಿನ ಮೂರು ದಿನದ ಪಾಸಿನ 62 ಡಾಲರಿನಿಂದ ಹಿಡಿದು ಡ್ರೈವರ್ ಟಿಪ್ಸ್ ತನಕ ಎಲ್ಲ ಮೊದಲೇ ಬರೆದು ಕೊಟ್ಟಿದ್ದರು. ಮೊದಲ ಟೂರಿನಲ್ಲಿ ಬಸ್ಸಿನೊಳಗೆ ಕವರ್ ಹಿಡಿದು ದಿನಕ್ಕಿಷ್ಟು ಡಾಲರ್ ಅಂತ ಬೇಡಿದ್ದು ಅವ್ವ ಇನ್ನೂ ಮರೆತಿಲ್ಲ.

2024ರ ಜನವರಿಯಲ್ಲಿ ನಾವು ಮೂವರೂ ಹೊರಟೆವು. ಅವ್ವ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಕಟ್ಟಿಕೊಂಡಿದ್ದಳು. ಅಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಹಾಕುತ್ತಾರೆ. ಸಿಯೆಮ್ ರೀಪ್‌ನ ಗೈಡ್ ನಮಗೆ ಒಂದು ಚೀಟಿ ಬರೆದುಕೊಟ್ಟ, ಖ್ಮೇರ್ ಲಿಪಿಯಲ್ಲಿ: ಮೀನು ಬೇಡ, ಮಾಂಸ ಬೇಡ, ಮೊಟ್ಟೆ ಬೇಡ, ಮೀನಿನ ಸಾಸೂ ಬೇಡ. ಅವ್ವ ಅದನ್ನ ತಾಳಿ ಚೀಲದಲ್ಲಿ ಇಟ್ಟುಕೊಂಡು ಹೋದಲ್ಲೆಲ್ಲ ತೋರಿಸುತ್ತಿದ್ದಳು. ಎಂಟು ದಿನದಲ್ಲಿ ರೊಟ್ಟಿ ಗಂಟು ಬಿಚ್ಚಿದ್ದು ಎರಡೇ ಸಲ.

ಅಂಗ್ಕೋರ್ ವಾಟ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಉದ್ದ ಮಾಡುವುದಿಲ್ಲ. ನಸುಕಿನ ನಾಲ್ಕೂವರೆಗೆ ಎದ್ದು ಸಾವಿರ ಮೊಬೈಲುಗಳ ಹಿಂದೆ ನಿಂತು ಸೂರ್ಯೋದಯ ನೋಡುವುದು ನನಗೆ ಅಷ್ಟಕ್ಕಷ್ಟೇ. ನಮ್ಮ ಗೈಡ್ ಮಾಡಿದ್ದು ಬೇರೆ. ಆ ಗುಡಿಯ ಮುಖ ಪಶ್ಚಿಮಕ್ಕಿದೆ, ಜನವೆಲ್ಲ ಆ ಕಡೆಯಿಂದಲೇ ನುಗ್ಗುತ್ತದೆ. ಇವನು ನಮ್ಮನ್ನ ಪೂರ್ವದ ಬಾಗಿಲಿನಿಂದ, ಮರಗಳ ನಡುವಿನ ದಾರಿಯಲ್ಲಿ ಕರೆತಂದ. ಸಮುದ್ರಮಥನದ ಕೆತ್ತನೆ ಆ ಪೂರ್ವದ ಮೊಗಸಾಲೆಯಲ್ಲೇ ಇದೆ, 49 ಮೀಟರ್ ಉದ್ದ. ಅವನು ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೇಳುತ್ತಿದ್ದ, ಆಮೇಲೆ ನಾನು ಅಪ್ಪ-ಅವ್ವನಿಗೆ ಕನ್ನಡದಲ್ಲಿ ಹೇಳಿ ಮುಗಿಸುವ ತನಕ ಬಾಯಿ ಮುಚ್ಚಿ ನಿಲ್ಲುತ್ತಿದ್ದ. ನಲವತ್ತು ಜನರಿದ್ದರೆ ಇದು ಆಗದ ಮಾತು. ಹನ್ನೊಂದು ಜನರಿದ್ದರೂ ಎಲ್ಲ ಗೈಡ್ ಹೀಗೆ ನಿಲ್ಲುವುದಿಲ್ಲ. ತನಗೆ ಗೊತ್ತಿರುವುದನ್ನೆಲ್ಲ ಕಕ್ಕುವ ಗೈಡ್ ಕೈಗೆ ಸಿಕ್ಕರೆ ಸಣ್ಣ ತಂಡ ಇನ್ನೂ ದೊಡ್ಡ ಶಿಕ್ಷೆ, ಹಿಂದೆ ಅವಿತುಕೊಳ್ಳಲಿಕ್ಕೂ ಜಾಗ ಇರುವುದಿಲ್ಲ.

ತೋನ್ಲೆ ಸಾಪ್ ಸರೋವರಕ್ಕೆ ಹೋದ ದಿನ ಅವ್ವನದು. ಮಳೆಗಾಲದಲ್ಲಿ ಮೆಕಾಂಗ್ ನದಿ ಉಕ್ಕಿ ನೀರು ಹಿಂದಕ್ಕೆ ಹರಿದು ಆ ಸರೋವರ ಹಲವು ಪಟ್ಟು ಹಿಗ್ಗುತ್ತದೆ. ಅದಕ್ಕೇ ದಂಡೆಯ ಊರಿನ ಮನೆಗಳೆಲ್ಲ ಎತ್ತರದ ಕಂಬಗಳ ಮೇಲೆ. ಅವ್ವನ ತವರು ಬೀಳಗಿ ತಾಲ್ಲೂಕು. ಅವಳು ಹುಟ್ಟಿದ ಮನೆ ಆಲಮಟ್ಟಿ ಹಿನ್ನೀರಿನೊಳಗೆ ಹೋಗಿದೆ. ದೋಣಿಯಲ್ಲಿ ಬಹಳ ಹೊತ್ತು ಸುಮ್ಮನಿದ್ದವಳು, "ನಮ್ಮೂರನೂ ಹಿಂಗ ಕಾಲ್ ಮ್ಯಾಲ ಕಟ್ಟಿದ್ರ ಅಲ್ಲೇ ಇರತಿದ್ವೇನೋ" ಅಂದಳು. ಗೈಡ್ ಏನಂತೆ ಅಂತ ಕೇಳಿದ. ಹೇಳಿದೆ. ಅವನು ದೋಣಿಯವನಿಗೆ ಏನೋ ಹೇಳಿದ, ಇಂಜಿನ್ ಬಂದಾಯಿತು. ಕಾಲು ಗಂಟೆ ನೀರಿನ ಮೇಲೆ ಸುಮ್ಮನೆ ನಿಂತಿದ್ದೆವು.

ಫ್ನಾಮ್ ಪೆನ್‌ನ ನ್ಯಾಷನಲ್ ಮ್ಯೂಸಿಯಂ 1920ರಲ್ಲಿ ಶುರುವಾದ ಕೆಂಪು ಕಟ್ಟಡ. ಅಲ್ಲಿ ಬಂತೇಯ್ ಸ್ರೇಯ್ ಗುಡಿಯಿಂದ ತಂದಿಟ್ಟ ಒಂದು ಕೆತ್ತನೆ ಇದೆ. ಅಲ್ಲಿನ ಗೈಡ್, ಇವಳು ಬೇರೆ ಹುಡುಗಿ, ಬಾಯಿ ತೆಗೆಯುವ ಮೊದಲೇ ಅಪ್ಪ ಹತ್ತಿರ ಹೋಗಿ ನಿಂತು ಬೆರಳು ಮಾಡಿದ. "ಗದಾ ಹಿಡಕೊಂಡು ಎಗರ್ಯಾನ ನೋಡು. ಇಂವ ನೇಗಿಲ ಹಿಡದಾವ ಬಲರಾಮ. ತಮ್ಮಾ, ಇದು ಭೀಮ ದುರ್ಯೋಧನರದ ಕಾಳಗೋ! ನಮ್ಮ ಮುಧೋಳದ ರನ್ನ ಬರದಿದ್ದು." ಅಪ್ಪ ಓದಿದ್ದು ಏಳನೇ ಇಯತ್ತೆ, ರನ್ನನ್ನ ಓದಿದವನಲ್ಲ, ದೊಡ್ಡಾಟ ನೋಡಿ ಕಲಿತವನು. ಗೈಡ್ ಹುಡುಗಿ "ಹೌದು, ಅದೇ ಕಥೆ. ನಿಮ್ಮಪ್ಪನಿಗೆ ಹೇಗೆ ಗೊತ್ತು?" ಅಂತ ಕೇಳಿದಳು. ಆಗ ನಾನು ಲೆಕ್ಕ ಹಾಕಿ ಹೇಳಿದೆ. ಆ ಗುಡಿ 967ರದ್ದು. ನಮ್ಮೂರಿನ ಹತ್ತಿರದ ಮುಧೋಳದಲ್ಲಿ ಬಳೆಗಾರರ ಮನೆಯಲ್ಲಿ ರನ್ನ ಹುಟ್ಟಿದ್ದು 949. ಅಂದರೆ ಅಲ್ಲಿ ಆ ಗುಡಿ ಎದ್ದಾಗ ಇಲ್ಲಿ ಅವನು ಹದಿನೆಂಟರ ಹುಡುಗ, 'ಗದಾಯುದ್ಧ' ಇನ್ನೂ ಬರೆದಿರಲಿಲ್ಲ. ಅವಳು ತನ್ನ ಪುಸ್ತಕ ತೆಗೆದು ರನ್ನ, ಮುಧೋಳ ಅಂತ ಬರೆದುಕೊಂಡಳು. ಆಮೇಲೆ ಉಳಿದ ಎಂಟು ಜನರನ್ನ ಕರೆದು, "ಇದನ್ನ ಇವತ್ತು ಇವರು ಹೇಳ್ತಾರೆ" ಅಂತ ಪಕ್ಕಕ್ಕೆ ಸರಿದಳು. ಅಪ್ಪ ಹೇಳಿದ, ನಾನು ಇಂಗ್ಲಿಷಿಗೆ ತಿರುಗಿಸಿದೆ. ದುರ್ಯೋಧನ ವೈಶಂಪಾಯನ ಕೊಳದಲ್ಲಿ ಅಡಗಿದ್ದರಿಂದ ಹಿಡಿದು ತೊಡೆ ಮುರಿಯುವ ತನಕ, ಕೈ ಎತ್ತಿ ಎತ್ತಿ. ಎರಡು ವರ್ಷದಲ್ಲಿ ನಾನು ಅಪ್ಪನ ಅಷ್ಟು ದೊಡ್ಡ ದನಿ ಕೇಳಿರಲಿಲ್ಲ.

ಮರುದಿನ ಕೋಹ್ ದಾಚ್. ಫ್ನಾಮ್ ಪೆನ್‌ನಿಂದ ಉತ್ತರಕ್ಕೆ ಮೆಕಾಂಗ್ ನಡುವಿನ ನಡುಗಡ್ಡೆ, ರೇಷ್ಮೆ ನೇಯುವವರ ಊರು. ಹಡಗಿನಲ್ಲಿ ದಾಟಿದೆವು. ಮಗ್ಗಗಳೆಲ್ಲ ಮನೆ ಕೆಳಗೆ, ಕಂಬಗಳ ನೆರಳಿನಲ್ಲಿ. ಪಟ್ಟಿಯಲ್ಲಿ ಇದ್ದದ್ದು ಅರ್ಧ ಗಂಟೆ, ಆಮೇಲೆ ಪೇಟೆಯ ಮಾರ್ಕೆಟ್. ಒಂದು ಮನೆಯಲ್ಲಿ ಅವ್ವನ ವಯಸ್ಸಿನ ಹೆಂಗಸು ನೇಯುತ್ತಿದ್ದಳು. ಹೊಕ್ಕಿನ ನೂಲನ್ನು ಮೊದಲೇ ಕಟ್ಟಿ ಬಣ್ಣ ಹಾಕಿ, ನೇಯುತ್ತಾ ಹೋದಂತೆ ಹೂವು ಮೂಡುವ ಕೆಲಸ. ಅಪ್ಪ ಮೊದಲು ಚಪ್ಪಲಿ ಬಿಟ್ಟ. ಆಮೇಲೆ ಬಗ್ಗಿ ಫಣಿ ನೋಡಿದ, ಹಲಗೆ ನೋಡಿದ. ಹಾಸಿನಲ್ಲಿ ಒಂದು ಎಳೆ ಹರಿಯಿತು. ಅವಳು ಕೈ ಹಾಕುವಷ್ಟರಲ್ಲಿ ಅಪ್ಪನ ಕೈ ಹೋಗಿತ್ತು; ಎರಡು ಬೆರಳಿನಲ್ಲಿ ತಿರುವಿ ಗಂಟು ಹಾಕಿ ಬಿಟ್ಟ. ಆ ಹೆಂಗಸು ಗಂಟು ನೋಡಿದಳು, ಅಪ್ಪನ ಮುಖ ನೋಡಿದಳು, ನಕ್ಕು ಎದ್ದು ಪೀಠ ಬಿಟ್ಟುಕೊಟ್ಟಳು.

ಅಪ್ಪ ಒಂದು ಗಂಟೆ ಹತ್ತು ನಿಮಿಷ ಆ ಮಗ್ಗದ ಹತ್ತಿರ ಇದ್ದ. ಒಬ್ಬರಿಗೊಬ್ಬರ ಭಾಷೆ ಬರುವುದಿಲ್ಲ, ಗೈಡ್ ಹುಡುಗಿ ಅನುವಾದ ಮಾಡಲಿಕ್ಕೂ ಹೋಗಲಿಲ್ಲ. ಮೇಡಂ ಮಾತ್ರ ನಮ್ಮಿಂದ ದೂರ ಹೋಗಿ ಉಳಿದವರ ಜೊತೆ ಮಾತಾಡುತ್ತಿದ್ದರು. ಎಲ್ಲರೂ ಖುಷಿಯಾಗಿದ್ದರು ಅಂತ ಬರೆದರೆ ಸುಳ್ಳಾಗುತ್ತದೆ. ಒಂದು ಜೋಡಿಗೆ ಮಾರ್ಕೆಟ್ ತಪ್ಪುತ್ತದೆಂದು ಸಿಟ್ಟು ಬಂದಿತ್ತು, ಅವರೂ ದುಡ್ಡು ಕೊಟ್ಟವರೇ ತಾನೇ. ಮೇಡಂ ಅವರಿಬ್ಬರನ್ನ ಬೇರೆ ಗಾಡಿ ಮಾಡಿ, ತಮ್ಮ ಖರ್ಚಿನಲ್ಲೇ, ಮೊದಲು ಕಳಿಸಿಕೊಟ್ಟರು. ನನಗೆ ಇದು ಗೊತ್ತಾದದ್ದು ರಾತ್ರಿ ಊಟಕ್ಕೆ ಕೂತಾಗ, ಅದೂ ಆ ಜೋಡಿಯೇ ಹೇಳಿದ್ದರಿಂದ.

ಇಷ್ಟನ್ನೂ ಕ್ಯಾಂಟೀನಿನಲ್ಲಿ ಗೆಳೆಯನಿಗೆ ಹೇಳಿದೆ. ಅವನು "ಹಂಗಾದ್ರೆ ಹನ್ನೆರಡು ಜನರದ್ದೇ ಬುಕ್ ಮಾಡ್ಲಾ?" ಅಂದ. ಫೋನ್ ಮಾಡಿ ನಿಮ್ಮಪ್ಪನ ಮೊಣಕಾಲಿನ ಬಗ್ಗೆ ಅವರು ಏನು ಕೇಳ್ತಾರೆ ನೋಡು, ಆಮೇಲೆ ಮಾಡು ಅಂದೆ.

ಈ ಯುಗಾದಿಗೆ ಊರಿಗೆ ಹೋದಾಗ ಅಪ್ಪ ಕಟ್ಟೆ ಮೇಲೆ ಇರಲಿಲ್ಲ. ಬನಹಟ್ಟಿ, ರಬಕವಿ ಓಣಿಗಳಲ್ಲಿ ಸೈಕಲ್ ಮೇಲೆ ಅಡ್ಡಾಡುತ್ತಿದ್ದಾನಂತೆ. ಏನಂತ ಕೇಳಿದರೆ, ಕೈಮಗ್ಗ ಇನ್ನೂ ನಡೆಯುವ ಮನೆ ಎಷ್ಟಿವೆ ಅಂತ ಬರೆದುಕೊಳ್ಳುತ್ತಿದ್ದಾನೆ. ನನ್ನ ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮನೆ ಮನೆಯ ಹೆಸರು, ಪಕ್ಕದಲ್ಲಿ ಮಗ್ಗದ ಸಂಖ್ಯೆ, ಕೆಲವಕ್ಕೆ ಕಾಟು.

"ಆ ನಡುಗಡ್ಡಿ ಹೆಣ್ಣಮಗಳು ನಾಳೆ ನಮ್ಮೂರಿಗೆ ಬಂದ್ಲು ಅಂತ ತಿಳಿ" ಅಂದ ಅಪ್ಪ, "ಆಕಿಗೆ ಯಾರ ಮನಿಗೆ ಕರಕೊಂಡ ಹೋಗಿ ಕುಂದ್ರಸ್ಲಿ? ಅದನ್ನ ನೋಡಾಕತ್ತೇನಿ."