ನೀರಿನ ಹಿಂದೆ ಹೊರಟದ್ದು

2019ರ ಬೇಸಿಗೆ ನಮ್ಮ ಕಡೆಯವರು ಮರೆಯುವಂಥದ್ದಲ್ಲ. ಉಡುಪಿಗೆ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟೇ ಮೇ ತಿಂಗಳಲ್ಲಿ ಬರಿದಾಗಿತ್ತು. ಬ್ರಹ್ಮಾವರ, ಕುಂದಾಪುರ, ಬೈಂದೂರು ಎಲ್ಲಿ ಹೋದರೂ ಬಾವಿಯದೇ ಮಾತು. ಹೊಳೆಬದಿಯವರಿಗೆ ಉಪ್ಪುನೀರಿನ ಕಾಟ ಬೇರೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಹೊಡೆಯುವ ಸೀಮೆಯ ಕಥೆ ಇದು!

ಆ ಸಲ ಆಸಾಡಿಯಲ್ಲಿ, ಸೌಪರ್ಣಿಕಾ ಹೊಳೆಗೆ ಸೇರುವ ಒಂದು ತೋಡಿನ ಆಚೀಚಿನ ಜಮೀನುದಾರರು ಹಿರಿಯರೊಬ್ಬರ ಜಗಲಿಯಲ್ಲಿ ಸೇರಿದ್ದೆವು. ಜಲಾನಯನದ ಮಾಹಿತಿ ಕೊಡಲು ಬಂದ ಹುಡುಗ ಚಾರ್ಟ್ ಬಿಡಿಸಿದ. ಮಳೆಯ ಅಬ್ಬರಕ್ಕೆ ಒಂದಕ್ಷರ ಕೇಳಿಸಲಿಲ್ಲ. ಚಾರ್ಟ್ ಸುತ್ತಿಟ್ಟು, "ಹ್ವಾಯ್, ಕೊಡಿ ಹಿಡ್ಕಣಿ. ನೀರ್ ಎಲ್ಲ್ ಹೋತ್ ಕಾಂಬ" ಅಂದ.

ಗುಡ್ಡೆ ಹತ್ತಿದೆವು. ಹಾಡಿಯೊಳಗೆ ತರಗೆಲೆ ಮೆತ್ತಗಿತ್ತು, ನೀರು ಹರಿಯುವುದೇ ಕಾಣಲಿಲ್ಲ. ಅದರ ಮಗ್ಗುಲಲ್ಲೇ ಜೆಸಿಬಿಯಲ್ಲಿ ಕೆರೆದು ಮಟ್ಟ ಮಾಡಿದ ಜಾಗ. ಅಲ್ಲಿಂದ ಕೆಂಪು ನೀರು ದಡದಡನೆ ಇಳಿಯುತ್ತಿತ್ತು. ಹುಡುಗ ಒಂದು ಬಾಟಲಿ ಹಿಡಿದುಕೊಂಡ. ಕೆಳಗಿಳಿಯುವಷ್ಟರಲ್ಲಿ ಅದರ ತಳದಲ್ಲಿ ಬೆರಳು ದಪ್ಪ ಮಣ್ಣು ಕೂತಿತ್ತು. ಜಾಗದ ಯಜಮಾನರು ಬಾಟಲಿಯನ್ನು ಇಸಿದುಕೊಂಡು ನೋಡಿದರು, ಮಾತಾಡಲಿಲ್ಲ.

"ಹಾಗಾರೆ ಎಲ್ಲ ಕಡೆ ಇಂಗುಗುಂಡಿ ತೋಡುದಾ?" ಎಂದು ಯಾರೋ ಕೇಳಿದರು. ಕಡಿದಾದ ಇಳಿಜಾರಲ್ಲಿ ಬೇಡವೇ ಬೇಡ, ಮುರಕಲ್ಲಿನಡಿಯ ಜೇಡಿಮಣ್ಣು ನೆನೆದರೆ ಗುಡ್ಡೆಯೇ ಜಾರೀತು ಎಂದ ಹುಡುಗ. ಅದಕ್ಕಿಂತ ಮನೆಯ ಮಾಡಿನ ನೀರನ್ನು ಸೋಸಿ ಬಾವಿಗೆ ಬಿಡಿ; 100 ಚದರ ಮೀಟರ್ ಮಾಡಿಗೆ ವರ್ಷದಲ್ಲಿ ಬೀಳುವುದೇ 4 ಲಕ್ಷ ಲೀಟರ್ ಎಂದು ಲೆಕ್ಕ ಕೊಟ್ಟ.

ತೋಟದ ಬದಿಗೆ ಬಂದರೆ ಮೈಲುತುತ್ತಿನ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮು ತೋಡಿನ ದಂಡೆಯಲ್ಲೇ ಕವುಚಿತ್ತು, ಕಲ್ಲಿನ ಮೇಲೆಲ್ಲ ನೀಲಿ ಕಲೆ. ಕೊಳೆರೋಗಕ್ಕೆ ಮೈಲುತುತ್ತು ಹೊಡೆಯದೆ ಅಡಿಕೆ ಉಳಿಯದು, ನಿಜ. ಆದರೆ ಅದರಲ್ಲಿರುವ ತಾಮ್ರ ಮೀನಿಗೆ ವಿಷ. ಡ್ರಮ್ಮನ್ನು ತೋಡಿನಿಂದಲೂ ಬಾವಿಯಿಂದಲೂ ದೂರದಲ್ಲಿ ತೊಳೆಯಿರಿ ಎಂದಷ್ಟೇ ಹುಡುಗ ಹೇಳಿದ. ಬೈಲಿನ ಅಜ್ಜಿಯೊಬ್ಬರು ಮಾತ್ರ ಸುಮ್ಮನಿರಲಿಲ್ಲ: "ಮೇಲಿನವ್ರ್ ಬಿಟ್ಟದ್ದನ್ನೇ ಅಲ್ದಾ ನಾವ್ ಕುಡುದ್?"

ಮಳೆ ಬಿಟ್ಟ ಮೇಲೆ ತೋಡಿಗೆ ಕಟ್ಟ ಹಾಕುವುದು ನಮ್ಮಲ್ಲಿ ಬೈಲಿನವರದೇ ಕೆಲಸ. ಗುಡ್ಡೆಯವರು ಅತ್ತ ತಲೆ ಹಾಕಿದವರಲ್ಲ. ಆ ವರ್ಷ ಬಾಟಲಿ ನೋಡಿದ ಯಜಮಾನರು ಆಳುಗಳನ್ನು ಕರಕೊಂಡೇ ಬಂದರು. ಅಷ್ಟರಲ್ಲಿ ತಮ್ಮ ಜಾಗದ ಅಂಚಿಗೆ ದಂಡೆ ಹಾಕಿಸಿ ಲಾವಂಚವನ್ನೂ ನೆಡಿಸಿದ್ದರು. ಕಟ್ಟದ ನೀರು ಅವರ ಗುಡ್ಡೆಗೆ ಹತ್ತುವುದಿಲ್ಲ. ಆದರೂ ಖರ್ಚಿನಲ್ಲಿ ತಮ್ಮದೊಂದು ಪಾಲು ಬರೆಸಿಯೇ ಹೋದರು.