ಎದುರಾಳಿಯ ಭಾಷೆಯನ್ನು ಕಲಿಸುವವರು

ತೆಂಗಳಿಯಿಂದ ಗೋವೆಯ ಕಡಲು ಬಹುದೂರ. ಆದರೂ ಆ ಸೀಮೆಯ ಜನರು ತಿಂಗಳ ಸಂಬಳವನ್ನು ‘ಪಗಾರ’ವೆಂದೇ ಕರೆಯುತ್ತಾರೆ. ಪಗಾರ, ಅಲಮಾರಿ, ಇಸ್ತ್ರಿ ಇವೆಲ್ಲ ಪೋರ್ಚುಗೀಸ್ ಮೂಲದ ಮಾತುಗಳು. ಕಂದಮೂಲವೆಂದು ಶ್ರಾವಕರು ತ್ಯಜಿಸುವ ಬಟಾಟೆಯ ಹೆಸರೂ ಅಲ್ಲಿಯದೇ!

ಈ ಸೀಮೆಗೆ ಬಹುಭಾಷೆಗಳ ಗೌರವ ಹೊಸದಲ್ಲ. ಮಳಖೇಡದ ರಾಷ್ಟ್ರಕೂಟರ ಆಶ್ರಯದಲ್ಲಿ ಸಂಸ್ಕೃತ, ಕನ್ನಡಗಳೊಡನೆ ಅಪಭ್ರಂಶವೂ ಬೆಳೆಯಿತು. ಪುಷ್ಪದಂತನು ತನ್ನ ಮಹಾಪುರಾಣವನ್ನು ರಚಿಸಿದ್ದು ಅಲ್ಲಿಯೇ. ಆದರೆ ತನ್ನವರನ್ನು ನೋಯಿಸಿದವರ ಭಾಷೆಯನ್ನು ಕಲಿತು, ಅದನ್ನು ಕಲಿಸುವುದರಲ್ಲಿಯೇ ಆಯುಷ್ಯವನ್ನು ಸವೆಸುವುದು ಬೇರೆಯೇ ಬಗೆಯ ಪರೀಕ್ಷೆ. ಗೋವಾ ವಿಶ್ವವಿದ್ಯಾಲಯದಲ್ಲಿ ಪೋರ್ಚುಗೀಸ್ ಬೋಧಿಸುವ ಅಧ್ಯಾಪಕರು ನಿತ್ಯವೂ ಎದುರಿಸುವ ಪರೀಕ್ಷೆ ಇದು. 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷಗಳ ಬಿಡುವನ್ನುಳಿದು, ಗೋವೆಯಲ್ಲಿ ನಡೆದ ಮತವಿಚಾರಣೆಯ ಭಾಷೆ ಅದು. 1684ರಲ್ಲಿ ಕೊಂಕಣಿಯನ್ನು ಅಡಗಿಸಲು ಹೊರಟ ಆಜ್ಞೆಯ ಭಾಷೆಯೂ ಅದೇ. ಅಹಿಂಸೆಯನ್ನು ನಂಬಿದವನು ಇದನ್ನೇ ಜೀವನೋಪಾಯವಾಗಿ ಮಾಡಿಕೊಳ್ಳಬಹುದೇ?

ಆದರೆ ಕೊಂಕಣಿಯ ಮೊದಲ ಮುದ್ರಿತ ವ್ಯಾಕರಣವು 1640ರಲ್ಲಿ ರಾಚೋಲಿನಲ್ಲಿ ಅಚ್ಚಾದದ್ದು ಪೋರ್ಚುಗೀಸಿನಲ್ಲಿಯೇ. ಅದರ ಕರ್ತೃ ಥಾಮಸ್ ಸ್ಟೀಫನ್ಸ್ ಎಂಬ ಆಂಗ್ಲ ಪಾದ್ರಿ. ಅಲ್ಲಿ ಕೊಂಕಣಿಗೆ ‘ಕಾನಾರಿಂ’ ಎಂಬ ಹೆಸರಿದೆ. ಕೆನರಾ ಸೀಮೆಯ ಹೆಸರು ನೆರೆಯ ಭಾಷೆಗೆ ಅಂಟಿಕೊಂಡ ವಿಚಿತ್ರವಿದು. ತುಳಿದ ಭಾಷೆಯೇ ಉಳಿಸಿಯೂ ಇತ್ತು. ಅನೇಕಾಂತವನ್ನು ಶಾಸ್ತ್ರಸಭೆಯಲ್ಲಿ ಒಪ್ಪುವುದು ಸುಲಭ. ಇಂತಹ ಸಂಗತಿಯ ಮುಂದೆ ಒಪ್ಪುವುದು ಕಷ್ಟ.

ನಮ್ಮ ಸಮಾಜಕ್ಕೆ ಈ ವಿಷಯವು ಹತ್ತಿರವಾಗುವುದು ಇನ್ನೊಂದು ಕಾರಣದಿಂದ. ಉಳ್ಳಾಲದ ಚೌಟರ ಅಬ್ಬಕ್ಕ, ಗೇರುಸೊಪ್ಪೆಯ ಚೆನ್ನಭೈರಾದೇವಿ ಇಬ್ಬರೂ ಜೈನ ರಾಣಿಯರು. ಇಬ್ಬರೂ ಪೋರ್ಚುಗೀಸರನ್ನು ಎದುರಿಸಿದವರು. ಚೆನ್ನಭೈರಾದೇವಿಯನ್ನು ‘ಕಾಳುಮೆಣಸಿನ ರಾಣಿ’ ಎಂದು ಕರೆದವರು ಆ ವೈರಿಗಳೇ. ಇವರ ಯುದ್ಧ, ಸಂಧಿ, ವ್ಯಾಪಾರಗಳ ವಿವರವನ್ನು ತಿಳಿಯಬೇಕಾದರೆ ಪೋರ್ಚುಗೀಸ್ ಬರಹಗಳ ಮೊರೆಹೋಗದೆ ಗತಿಯಿಲ್ಲ. ಗೋವೆಯ ಪತ್ರಾಗಾರವು 1595ರಲ್ಲಿ ಸ್ಥಾಪಿತವಾದುದು. ನೆರೆರಾಜರೊಡನೆ ನಡೆದ ಪತ್ರವ್ಯವಹಾರಕ್ಕೆ ಅಲ್ಲಿ ಪ್ರತ್ಯೇಕ ಸಂಪುಟಗಳೇ ಇವೆ. ಗೋವೆಯಲ್ಲಿ ಇತಿಹಾಸ ಬೋಧಿಸಿದ ಬಿ. ಎಸ್. ಶಾಸ್ತ್ರಿಯವರು ಇಂತಹ ಆಕರಗಳನ್ನು ಬಳಸಿ ಗೋವೆ ಮತ್ತು ಕೆನರಾಗಳ ಸಂಬಂಧವನ್ನು ಕುರಿತು ಬರೆದ ಗ್ರಂಥವು 2000ದಲ್ಲಿ ಪ್ರಕಟವಾಯಿತು.

ಆ ಹಳೆಯ ಪತ್ರಗಳಲ್ಲಿ ಹೊನ್ನಾವರವು ‘ಓನೋರ್’, ಭಟ್ಕಳವು ‘ಬಾಟಿಕಲಾ’, ಬಸರೂರು ‘ಬಾರ್ಸೆಲೋರ್’. ಲಿಸ್ಬನ್ನಿನ ವಿದ್ವಾಂಸನು ನಕ್ಷೆಯನ್ನು ಹರಡಿಕೊಂಡು ಹುಡುಕಬೇಕಾದ ಊರನ್ನು ಕನ್ನಡದ ವಿದ್ಯಾರ್ಥಿಯು ಕಿವಿಯಿಂದಲೇ ಗುರುತಿಸಬಲ್ಲನು. ಹಾಗಿದ್ದರೂ ಈ ತರಗತಿಗೆ ನಮ್ಮ ಮಕ್ಕಳನ್ನು ಕಳುಹಿಸುವ ವಿಚಾರ ಯಾವ ಮನೆಯಲ್ಲಿ ಏಳುತ್ತದೆ? ಉದ್ಯೋಗದ ಮಾರ್ಗ ಕಿರಿದು ಎಂಬ ತಂದೆತಾಯಿಗಳ ಆತಂಕವನ್ನು ತಪ್ಪೆನ್ನಲಾಗದು. ಬಸದಿಗಳ ಜೀರ್ಣೋದ್ಧಾರಕ್ಕೆ ಉದಾರವಾಗಿ ದಾನ ನೀಡುವ ಟ್ರಸ್ಟುಗಳು, ಗೇರುಸೊಪ್ಪೆಯ ಚತುರ್ಮುಖ ಬಸದಿಯನ್ನು ನೆನೆದಾದರೂ, ಪೋರ್ಚುಗೀಸ್ ಕಲಿಯಲು ಒಪ್ಪುವ ಒಬ್ಬ ವಿದ್ಯಾರ್ಥಿಯ ಅಥವಾ ವಿದ್ಯಾರ್ಥಿನಿಯ ಎರಡು ವರ್ಷಗಳ ಊಟ, ವಸತಿ, ಪುಸ್ತಕಗಳ ಖರ್ಚನ್ನು ವಹಿಸಿಕೊಳ್ಳಬಹುದು.